ಹೃದಯದ ಬಡಿತಕ್ಕೆ ಲಿಪಿ ಕೊಟ್ಟ ವಿಜ್ಞಾನಿ: ವಿಲೆಮ್ ಐಂಥೋವನ್



ನಿಮ್ಮ ಮನೆಯ ಬೀರುವಿನಲ್ಲಿ ರೇಷನ್ ಕಾರ್ಡು, ಮನೆ ಕಂದಾಯದ ರಸೀದಿಗಳ ನಡುವೆ ಗುಲಾಬಿ ಬಣ್ಣದ ಚೌಕುಳಿ ಕಾಗದವೊಂದು ಮಡಿಸಿಟ್ಟಿರಬಹುದು. ಅಬ್ಬಾ ಅವರಿಗೋ ಅಮ್ಮಿಗೋ ಎದೆನೋವು ಬಂದಾಗ, ಇಲ್ಲವೇ ಕಣ್ಣಿನ ಆಪರೇಷನ್ನಿಗೆ ಮುಂಚೆ ತೆಗೆಸಿದ ಇ.ಸಿ.ಜಿ. ಅದು. ಅದರ ಮೇಲೆ ಗುಡ್ಡ ಕಣಿವೆಗಳಂತೆ ಓಡುವ ಒಂದು ಕಪ್ಪು ಗೆರೆ, ಮೂಲೆಯಲ್ಲಿ ಯಂತ್ರವೇ ಅಚ್ಚು ಹಾಕಿದ ಇಂಗ್ಲಿಷಿನ ಒಂದೆರಡು ಸಾಲು. ಆ ಸಾಲಿನಲ್ಲಿ ಅಬ್‌ನಾರ್ಮಲ್ ಎಂಬ ಪದ ಕಂಡರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ನಾರ್ಮಲ್ ಎಂದಿದ್ದರೆ ಎಲ್ಲರೂ ನಿರಾಳರಾಗಿ, ಇನ್ನು ಹೃದಯದ ಚಿಂತೆಯೇ ಇಲ್ಲವೆಂದು ಕಾಗದವನ್ನು ಬೀರುವಿಗೆ ಸೇರಿಸುತ್ತಾರೆ. ಎರಡೂ ಆತುರದ ತೀರ್ಮಾನಗಳೇ. ಆ ಗೆರೆಯನ್ನು ಸರಿಯಾಗಿ ಬರೆಯಿಸುವುದಕ್ಕೆ ತನ್ನ ಜೀವಮಾನವನ್ನೇ ಕೊಟ್ಟ ಒಬ್ಬ ಮನುಷ್ಯನ ಕಥೆಯನ್ನು ತಿಳಿದರೆ, ಅದನ್ನು ಓದುವಾಗ ಎಷ್ಟು ತಾಳ್ಮೆ ಬೇಕು ಎಂಬುದೂ ತಿಳಿಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಡಚ್ ವಿಜ್ಞಾನಿ ವಿಲೆಮ್ ಐಂಥೋವನ್‌ರ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹೃದಯದ ಲಯವನ್ನು ಪರೀಕ್ಷಿಸುವುದು ಹೊಸ ವಿದ್ಯೆಯೇನಲ್ಲ. ನಮ್ಮ ಹಿರಿಯರು ಹಕೀಮ್ ಸಾಹೇಬರ ಮುಂದೆ ಕೈಚಾಚಿ ಕುಳಿತು ನಬ್ಜ್ ತೋರಿಸುತ್ತಿದ್ದುದನ್ನು ನೀವು ಕೇಳಿದ್ದೀರಿ. ಆ ವಿದ್ಯೆಯ ಬೇರು ಇಬ್ನ್ ಸೀನಾರ (980-1037) ಅಲ್ ಕಾನೂನ್ ಫಿತ್ತಿಬ್ ಎಂಬ ಮಹಾಗ್ರಂಥದಲ್ಲಿದೆ. ಅವರು ನಾಡಿಯನ್ನು ಅದರ ಗಾತ್ರ, ಬಲ, ವೇಗ, ಕ್ರಮ, ಲಯ ಮುಂತಾದ ಹತ್ತು ಗುಣಗಳಿಂದ ವಿಂಗಡಿಸಿದರು. ಕ್ರಮ ತಪ್ಪಿದ ನಾಡಿಯಲ್ಲೂ, ಒಂದು ನಿಯಮಕ್ಕೆ ಒಳಪಟ್ಟು ತಪ್ಪುವುದು ಬೇರೆ, ಯಾವ ನಿಯಮವೂ ಇಲ್ಲದೆ ತಪ್ಪುವುದು ಬೇರೆ ಎಂದು ಗುರುತಿಸಿದರು. ಈ ಭೇದ ಇಂದಿನ ಹೃದ್ರೋಗ ತಜ್ಞರಿಗೂ ಬಹಳ ಮುಖ್ಯವಾದದ್ದು. ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್ (ಮರಣ 1288) ಅವರು ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಹೋಗುತ್ತದೆಂದು ಬರೆದಿಟ್ಟರು. ಆದರೆ ಮಣಿಕಟ್ಟಿನ ಮೇಲಿಟ್ಟ ಬೆರಳಿಗೆ ಸಿಗುವುದು ರಕ್ತದ ತಳ್ಳು ಮಾತ್ರ. ಆ ತಳ್ಳಿಗೆ ಅಪ್ಪಣೆ ಕೊಡುವುದು ಹೃದಯದೊಳಗೆ ಹುಟ್ಟುವ ಅತಿಸಣ್ಣ ವಿದ್ಯುತ್ತು. ಅದನ್ನು ಹಿಡಿಯಲು ಬೆರಳು ಸಾಲದು, ಯಂತ್ರ ಬೇಕಿತ್ತು.

ಆ ಯಂತ್ರವನ್ನು ಕೊಟ್ಟ ಐಂಥೋವನ್ ಹುಟ್ಟಿದ್ದು ಯುರೋಪಿನಲ್ಲಲ್ಲ, ಜಾವಾ ದ್ವೀಪದ ಸೆಮರಾಂಗ್ ಎಂಬ ಬಂದರು ನಗರದಲ್ಲಿ, 1860ರ ಮೇ 21ರಂದು. ಇಂದು ಅದು ಇಂಡೋನೇಷ್ಯಾದಲ್ಲಿದೆ. ಅಂದು ಡಚ್ಚರ ಆಳ್ವಿಕೆಯಲ್ಲಿತ್ತು. ತಂದೆ ಯಾಕೋಬ್ ಐಂಥೋವನ್ ಸೈನ್ಯದ ವೈದ್ಯರಾಗಿದ್ದು ನಂತರ ಸೆಮರಾಂಗ್ ಪಟ್ಟಣದ ವೈದ್ಯರಾದವರು. ಆರು ಮಕ್ಕಳಲ್ಲಿ ವಿಲೆಮ್ ಗಂಡುಮಕ್ಕಳ ಪೈಕಿ ಹಿರಿಯ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಯತೀಮರಾದ ಆರು ಮಕ್ಕಳನ್ನು ಕಟ್ಟಿಕೊಂಡು ತಾಯಿ ಲೂಯಿಸ್ ಅವರು 1870ರಲ್ಲಿ ಹಡಗು ಹತ್ತಿ ಹಾಲೆಂಡಿಗೆ ಬಂದು ಊಟ್ರೆಕ್ಟ್ ಎಂಬ ಊರಿನಲ್ಲಿ ನೆಲೆಸಿದರು. ಆಗ ವಿಲೆಮ್‌ಗೆ ಹತ್ತು ವರ್ಷ. ಆ ತಾಯಿಯ ಬಗ್ಗೆ ಪುಸ್ತಕಗಳು ಹೆಚ್ಚೇನೂ ಹೇಳುವುದಿಲ್ಲ. ದೊಡ್ಡವರ ಚರಿತ್ರೆಗಳಲ್ಲಿ ತಾಯಂದಿರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು!

1878ರಲ್ಲಿ ವಿಲೆಮ್ ಊಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಓದಿನ ಖರ್ಚನ್ನು ಸೈನ್ಯ ಕೊಡುವುದು, ಓದು ಮುಗಿದ ಮೇಲೆ ತಂದೆಯಂತೆ ಪೂರ್ವದ ದ್ವೀಪಗಳಲ್ಲಿ ಸೈನ್ಯದ ವೈದ್ಯನಾಗಿ ದುಡಿಯುವುದು ಎಂಬುದು ಕರಾರು. ಸ್ಕಾಲರ್‌ಶಿಪ್ಪಿನ ಮೇಲೆ ಓದುತ್ತಿರುವ ವಿದ್ಯಾರ್ಥಿ ಮಿತ್ರರಿಗೆ ಈ ಸ್ಥಿತಿ ಚೆನ್ನಾಗಿ ಅರ್ಥವಾದೀತು. ಅವರು ಪುಸ್ತಕದ ಹುಳುವಾಗಿರಲಿಲ್ಲ. ದೋಣಿ ನಡೆಸುವುದು, ಕತ್ತಿವರಸೆ, ಅಂಗಸಾಧನೆ ಎಲ್ಲದರಲ್ಲೂ ಮುಂದು. ಒಮ್ಮೆ ಅಂಗಸಾಧನೆ ಮಾಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈಕಟ್ಟಿಕೊಂಡು ಕೂತ ಆ ದಿನಗಳಲ್ಲಿ ಮುಂಗೈ ಹೇಗೆ ತಿರುಗುತ್ತದೆ, ಮೊಣಕೈ ಕೀಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೇ ಅಧ್ಯಯನ ಮಾಡಿ ಬರೆದರು. ಅವರ ಗುರುಗಳಲ್ಲಿ ಕಣ್ಣಿನ ವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾಗಿದ್ದ ಡಾಂಡರ್ಸ್ ಇದ್ದರು, ಭೌತಶಾಸ್ತ್ರಜ್ಞ ಬೈಸ್ ಬಾಲಟ್ ಇದ್ದರು. ವೈದ್ಯಶಾಸ್ತ್ರದ ವಿದ್ಯಾರ್ಥಿಗೆ ಭೌತಶಾಸ್ತ್ರ ಮತ್ತು ಗಣಿತದ ರುಚಿ ಹತ್ತಿದ್ದು ಇಲ್ಲಿಯೇ. ಬಯಾಲಜಿ ತೆಗೆದುಕೊಂಡ ಮೇಲೆ ಮ್ಯಾಥ್ಸ್ ಯಾಕೆ ಎಂದು ಕೇಳುವ ನಮ್ಮ ಪಿ.ಯು.ಸಿ. ಮಕ್ಕಳು ಮುಂದಿನ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಬೇಕು.

1885ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಅದೇ ವರ್ಷ, ಇನ್ನೂ 25ರ ವಯಸ್ಸಿನಲ್ಲಿ, ಲೈಡನ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ಆಯ್ಕೆಯಾದರು. ಸೈನ್ಯದ ಋಣವನ್ನು ಹಣವಾಗಿ ಹಿಂದಿರುಗಿಸುವ ಹೊಣೆ ಹೊತ್ತು ಕರಾರಿನಿಂದ ಬಿಡುಗಡೆ ಪಡೆದು, 1886ರಲ್ಲಿ ಲೈಡನ್‌ಗೆ ಬಂದರು. ಆ ವರ್ಷವೇ ಸೋದರಸಂಬಂಧಿ ಫ್ರೆಡರಿಕ್ ಅವರೊಡನೆ ಮದುವೆಯೂ ಆಯಿತು. ನಂತರದ ನಲವತ್ತೊಂದು ವರ್ಷ, ಅಂದರೆ ಸಾಯುವವರೆಗೂ, ಅವರು ಲೈಡನ್‌ನ ಆ ಒಂದೇ ಹುದ್ದೆಯಲ್ಲಿದ್ದರು.

ಈಗ ವಿದ್ಯುತ್ತಿನ ಮಾತಿಗೆ ಬರೋಣ. ಹೃದಯದ ಮೇಲ್ಭಾಗದ ಬಲಕೋಣೆಯಲ್ಲಿ ಒಂದು ಪುಟ್ಟ ಕೇಂದ್ರವಿದೆ. ಅಲ್ಲಿಂದ ಹೊರಟ ವಿದ್ಯುತ್ ಸಂಕೇತ ಮೊದಲು ಮೇಲಿನ ಎರಡು ಹೃತ್ಕರ್ಣಗಳಿಗೆ ಹರಡುತ್ತದೆ, ನಡುವೆ ಒಂದು ಕ್ಷಣ ತಡೆದು, ನಂತರ ಕೆಳಗಿನ ಎರಡು ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಸಂಕೇತ ಹರಿದಂತೆ ಸ್ನಾಯು ಕುಗ್ಗಿ ರಕ್ತವನ್ನು ತಳ್ಳುತ್ತದೆ. ನಮ್ಮ ದೇಹದಲ್ಲಿ ಉಪ್ಪುನೀರು ತುಂಬಿರುವುದರಿಂದ ಈ ವಿದ್ಯುತ್ತಿನ ಒಂದು ಅಂಶ ಕೈಕಾಲುಗಳವರೆಗೂ ತಲುಪುತ್ತದೆ. ಆದರೆ ಅದು ಒಂದು ವೋಲ್ಟಿನ ಸಾವಿರದ ಒಂದು ಪಾಲಿನಷ್ಟು. ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ ಎಂಬುದನ್ನು ನೆನೆದರೆ ಇದು ಎಷ್ಟು ಅಲ್ಪವೆಂದು ತಿಳಿಯುತ್ತದೆ.

ಮನುಷ್ಯನ ಹೃದಯದ ಈ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಮೊದಲು ದಾಖಲಿಸಿದ ಕೀರ್ತಿ ಐಂಥೋವನ್‌ರದ್ದಲ್ಲ. ಲಂಡನ್ನಿನ ಅಗಸ್ಟಸ್ ವಾಲರ್ ಅವರು 1887ರಲ್ಲಿ ಇದನ್ನು ಮಾಡಿ ತೋರಿಸಿದ್ದರು. ಅವರ ಬಳಿ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಅದರ ಪಾದಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ನಿಲ್ಲಿಸಿ ಪ್ರದರ್ಶನ ಕೊಡುತ್ತಿದ್ದರು. ಇದು ನಾಯಿಗೆ ಹಿಂಸೆಯಲ್ಲವೇ ಎಂದು 1909ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿಯೇ ಪ್ರಶ್ನೆ ಎದ್ದಿತ್ತು! ವಾಲರ್ ಬಳಸಿದ ಸಾಧನದಲ್ಲಿ ತೆಳು ಗಾಜಿನ ನಳಿಕೆಯೊಳಗೆ ಪಾದರಸವಿರುತ್ತಿತ್ತು. ವಿದ್ಯುತ್ತು ತಾಕಿದಾಗ ಪಾದರಸ ಮೇಲೆ ಕೆಳಗೆ ಆಡುವುದನ್ನು ಫೋಟೋ ತೆಗೆಯುತ್ತಿದ್ದರು. ಆದರೆ ಪಾದರಸ ಭಾರವಾದ ದ್ರವ. ಹೃದಯದ ವೇಗಕ್ಕೆ ಅದು ಓಡಲಾರದು. ಹೀಗಾಗಿ ಸಿಗುತ್ತಿದ್ದ ಗೆರೆ ನಿಜವಾದ ಗೆರೆಯ ಮಸುಕು ನೆರಳು ಮಾತ್ರ. ಇದು ಆಸ್ಪತ್ರೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರಲಾರದು ಎಂಬುದೇ ಆಗ ವಾಲರ್ ಅವರ ಅಭಿಪ್ರಾಯವಾಗಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1889ರಲ್ಲಿ ನಡೆದ ಶರೀರಕ್ರಿಯಾ ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಐಂಥೋವನ್ ಈ ಪ್ರಯೋಗವನ್ನು ಕಂಡರು. ಬೇರೆಯವರು ಕೈಬಿಟ್ಟ ಜಾಗದಲ್ಲಿ ಅವರು ಹಿಡಿದುಕೊಂಡರು. ಪಾದರಸ ಸುಳ್ಳು ಹೇಳುತ್ತದೆ ನಿಜ, ಆದರೆ ಎಷ್ಟು ಸುಳ್ಳು ಹೇಳುತ್ತದೆಂದು ಲೆಕ್ಕ ಹಾಕಬಹುದಲ್ಲವೇ? ನಳಿಕೆಯ ಗುಣ, ಪಾದರಸದ ನಿಧಾನ ಎಲ್ಲವನ್ನೂ ಅಳೆದು, ಗಣಿತದ ಸಹಾಯದಿಂದ ಆ ಮಸುಕು ಗೆರೆಯಿಂದ ನಿಜವಾದ ಗೆರೆ ಹೇಗಿರಬೇಕೆಂಬುದನ್ನು ಕಾಗದದ ಮೇಲೆ ಬಿಡಿಸಿದರು. ಮಸುಕು ಗೆರೆಯ ಏರಿಳಿತಗಳನ್ನು ಎ, ಬಿ, ಸಿ, ಡಿ ಎಂದು ಗುರುತಿಸಿದ್ದರಿಂದ, ಲೆಕ್ಕದಿಂದ ಬಂದ ಹೊಸ ಗೆರೆಗೆ ಬೇರೆ ಅಕ್ಷರಗಳು ಬೇಕಾದವು. 1895ರಲ್ಲಿ ಅವುಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಜಗತ್ತಿನ ಯಾವುದೇ ಮೂಲೆಯ ವೈದ್ಯರು ಇಂದಿಗೂ ಈ ಐದು ಅಕ್ಷರಗಳಿಂದಲೇ ಇ.ಸಿ.ಜಿ.ಯನ್ನು ಓದುತ್ತಾರೆ. ಪಿ ಎಂಬ ಸಣ್ಣ ಉಬ್ಬು ಹೃತ್ಕರ್ಣಗಳ ಕೆಲಸ, ಕ್ಯೂ-ಆರ್-ಎಸ್ ಎಂಬ ಎತ್ತರದ ಮೊನೆ ಹೃತ್ಕುಕ್ಷಿಗಳ ಕೆಲಸ, ಟಿ ಎಂಬ ದುಂಡು ಉಬ್ಬು ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗುವುದರ ಗುರುತು.

ಆದರೆ ಪ್ರತಿಯೊಬ್ಬ ರೋಗಿಗೂ ದಿನಗಟ್ಟಲೆ ಲೆಕ್ಕ ಹಾಕುತ್ತ ಕೂರಲಾಗದು. ಸುಳ್ಳು ಹೇಳದ ಯಂತ್ರವೇ ಬೇಕು. ಅದಕ್ಕಾಗಿ ಅವರು ಮಾಡಿದ್ದು ಇಷ್ಟು: ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಒಂದು ಎಳೆಯನ್ನು ಬಿಗಿದು ಕಟ್ಟಿ, ಆ ಎಳೆಯಲ್ಲಿ ಹೃದಯದ ವಿದ್ಯುತ್ತನ್ನು ಹರಿಸುವುದು. ವಿದ್ಯುತ್ತು ಹರಿದಾಗ ಎಳೆ ಪಕ್ಕಕ್ಕೆ ಸರಿಯುತ್ತದೆ. ಎಳೆಯ ನೆರಳನ್ನು ದೊಡ್ಡದು ಮಾಡಿ, ಓಡುತ್ತಿರುವ ಫೋಟೋ ಫಲಕದ ಮೇಲೆ ಬೀಳಿಸಿದರೆ ಗೆರೆ ಮೂಡುತ್ತದೆ. ಹೇಳುವುದು ಸುಲಭ. ಎಳೆ ಎಷ್ಟು ಹಗುರವಿರಬೇಕೆಂದರೆ ಅದರ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು ಮಾತ್ರ. ಸ್ಫಟಿಕವನ್ನು ಕಾಯಿಸಿ ಕರಗಿಸಿ, ಅದನ್ನು ಬಾಣದ ತುದಿಗೆ ಅಂಟಿಸಿ, ಬಿಲ್ಲಿನಿಂದ ಕೋಣೆಯ ಆಚೆ ಬದಿಗೆ ಹೊಡೆದರೆ ಹಿಂದೆ ಜೇಡರ ಬಲೆಯಂತಹ ನೂಲು ಉಳಿಯುತ್ತದೆ. ಆ ನೂಲಿಗೆ ಬೆಳ್ಳಿಯ ಲೇಪ ಕೊಡಬೇಕು. ಎಷ್ಟು ನೂಲುಗಳು ತುಂಡಾಗಿರಬಹುದು ಎಂದು ನೀವೇ ಊಹಿಸಿ. ಇದೇ ಬಗೆಯ ಉಪಾಯವನ್ನು ಫ್ರಾನ್ಸಿನ ಕ್ಲೆಮಾಂ ಅದೆರ್ ಎಂಬ ಇಂಜಿನಿಯರ್ 1897ರಲ್ಲಿ ತಂತಿ ಸಂದೇಶಗಳಿಗಾಗಿ ಬಳಸಿದ್ದರು. ಆದರೆ ಹೃದಯಕ್ಕೆ ಬೇಕಾದ ಸೂಕ್ಷ್ಮತೆ ಅದಕ್ಕಿರಲಿಲ್ಲ.

ಐಂಥೋವನ್ ತಮ್ಮ ತಂತು ಗ್ಯಾಲ್ವನೋಮೀಟರಿನ ವಿವರವನ್ನು 1901ರಲ್ಲಿ ಪ್ರಕಟಿಸಿದರು, ಮುಂದಿನ ವರ್ಷಗಳಲ್ಲಿ ಅದರಿಂದ ತೆಗೆದ ಹೃದಯದ ಗೆರೆಗಳನ್ನೂ ಪ್ರಕಟಿಸಿದರು. ನೂಲು ಅಷ್ಟು ತೆಳು, ಯಂತ್ರ ಮಾತ್ರ ಸುಮಾರು 270 ಕಿಲೋ! ಎರಡು ಕೋಣೆಗಳ ತುಂಬ ಹರಡಿಕೊಂಡು, ಐದು ಜನ ಸೇರಿ ನಡೆಸಬೇಕಾದ ಯಂತ್ರ. ವಿದ್ಯುತ್ಕಾಂತ ಕಾಯದಂತೆ ಸದಾ ನೀರು ಹರಿಸಬೇಕಿತ್ತು. ರೋಗಿ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಟ್ಟು ಕುರ್ಚಿಯ ಮೇಲೆ ಕೂರಬೇಕಿತ್ತು. ಇಷ್ಟೆಲ್ಲ ಆದ ಮೇಲೆ ಮೂಡಿದ ಗೆರೆಯನ್ನು ನೋಡಿದರೆ, ಕೆಲವು ವರ್ಷಗಳ ಹಿಂದೆ ಬರಿಯ ಗಣಿತದಿಂದ ಬಿಡಿಸಿಟ್ಟಿದ್ದ ಗೆರೆಗೆ ಅದು ಹೊಂದಿಕೊಂಡಿತು. ನನಗೆ ಅವರ ಬದುಕಿನಲ್ಲಿ ನೊಬೆಲ್ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಇದೇ. ಕಣ್ಣಿಗೆ ಕಾಣದಿದ್ದುದನ್ನು ಲೆಕ್ಕದಿಂದ ಹೇಳಿ, ಆಮೇಲೆ ಅದು ಕಣ್ಣೆದುರು ಬಂದು ನಿಂತದ್ದು.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಗೆರೆ ಸೆಕೆಂಡಿಗೆ 25 ಮಿಲಿಮೀಟರ್ ಓಡಬೇಕು, ಒಂದು ಮಿಲಿವೋಲ್ಟಿಗೆ ಒಂದು ಸೆಂಟಿಮೀಟರ್ ಏರಬೇಕು ಎಂಬ ಅಳತೆಯನ್ನು ಗೊತ್ತುಮಾಡಿದರು. ಇಂದಿಗೂ ಸಾಮಾನ್ಯವಾಗಿ ಇದೇ ಅಳತೆ. ಬೀರುವಿನ ಆ ಕಾಗದವನ್ನು ಈಗ ತೆಗೆದು ನೋಡಿ. ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡು, ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ ಎಂದರೆ 0.2 ಸೆಕೆಂಡು. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸಿ 300ನ್ನು ಅದರಿಂದ ಭಾಗಿಸಿರಿ. ನಾಲ್ಕು ಚೌಕಗಳಿದ್ದರೆ ನಿಮಿಷಕ್ಕೆ 75 ಬಡಿತ. ದೊಡ್ಡವರಿಗೆ ವಿಶ್ರಾಂತಿಯಲ್ಲಿ 60ರಿಂದ 100 ಸಾಧಾರಣ. ದಿನವೂ ಓಡುವ ಆಟಗಾರರಲ್ಲಿ 50 ಇದ್ದರೂ ಅದು ರೋಗವಲ್ಲ. ಬಾಲಕರಲ್ಲಿ, ಯುವಕರಲ್ಲಿ ಉಸಿರು ಎಳೆದಾಗ ಬಡಿತ ತುಸು ಬೇಗ, ಬಿಟ್ಟಾಗ ತುಸು ನಿಧಾನ ಆಗುತ್ತದೆ. ಯಂತ್ರ ಇದಕ್ಕೆ ಸೈನಸ್ ಅರಿತ್ಮಿಯಾ ಎಂಬ ಭಯಂಕರ ಹೆಸರನ್ನು ಅಚ್ಚು ಹಾಕುತ್ತದೆ. ಅದನ್ನು ಕಂಡು ಮಗನ ಕ್ರಿಕೆಟ್ ಬ್ಯಾಟ್ ಕಸಿದಿಡುವ ಅಗತ್ಯವಿಲ್ಲ. ಅದು ಆರೋಗ್ಯವಂತ ಹೃದಯದ ಸಹಜ ಗುಣ.

ಇದಕ್ಕೆ ವ್ಯತಿರಿಕ್ತವಾದದ್ದು, ಪಿ ಉಬ್ಬೇ ಕಾಣದೆ ಮೊನೆಗಳು ಯಾವ ಕ್ರಮವೂ ಇಲ್ಲದೆ ಬರುವುದು. ಇಬ್ನ್ ಸೀನಾ ಹೇಳಿದ ನಿಯಮವಿಲ್ಲದ ಅಕ್ರಮ ಎಂದರೆ ಹೀಗಿರುತ್ತದೆ. ಹೃತ್ಕರ್ಣಗಳು ಸರಿಯಾಗಿ ಕುಗ್ಗದೆ ಬರಿದೇ ನಡುಗುತ್ತಿರುವಾಗ ಹೀಗಾಗುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂದು ಇದರ ಹೆಸರು. ವಯಸ್ಸಾದವರಲ್ಲಿ ಹೆಚ್ಚು. ಎಷ್ಟೋ ಜನರಿಗೆ ಯಾವ ನೋವೂ ಇರುವುದಿಲ್ಲ, ಆದರೆ ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಅದು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇದಕ್ಕಿದೆ. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ ಎಲ್ಲವನ್ನೂ ನೋಡಿ ಹೇಳಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ನುಂಗುವುದಾಗಲಿ, ನೋವಿಲ್ಲವಲ್ಲ ಎಂದು ನಿಲ್ಲಿಸುವುದಾಗಲಿ ಎರಡೂ ಅಪಾಯ.

ಹಾಗಾದರೆ ನಾರ್ಮಲ್ ಎಂದು ಬಂದರೆ ನೆಮ್ಮದಿಯೇ? ಇಲ್ಲೊಂದು ಲೆಕ್ಕ ಹೇಳುತ್ತೇನೆ. ಸಾಮಾನ್ಯ ಇ.ಸಿ.ಜಿ. ದಾಖಲಿಸುವುದು ಹತ್ತು ಸೆಕೆಂಡು, ಅಂದರೆ ಹತ್ತು ಹನ್ನೆರಡು ಬಡಿತ. ಹೃದಯ ಒಂದು ದಿನಕ್ಕೆ ಬಡಿಯುವುದು ಸುಮಾರು ಒಂದು ಲಕ್ಷ ಬಾರಿ. ಇನ್‌ಸ್ಪೆಕ್ಟರ್ ಸಾಹೇಬರು ತರಗತಿಗೆ ಬಂದ ಹತ್ತು ನಿಮಿಷ ಮಕ್ಕಳೆಲ್ಲ ಕೈಕಟ್ಟಿ ಕೂತಿದ್ದರೆ, ವರ್ಷವಿಡೀ ಹಾಗೆಯೇ ಇರುತ್ತಾರೆಂದು ಯಾವ ಮೇಷ್ಟ್ರು ತಾನೇ ನಂಬುತ್ತಾರೆ? ನಿನ್ನೆ ರಾತ್ರಿ ಎದೆ ಡವಗುಟ್ಟಿ ತಲೆಸುತ್ತು ಬಂದವರ ಇ.ಸಿ.ಜಿ. ಇಂದು ಬೆಳಿಗ್ಗೆ ಪೂರ್ತಿ ಸರಿಯಾಗಿರಬಹುದು. ಅಂಥವರಿಗೆ ಒಂದು ದಿನ ಅಥವಾ ಇನ್ನೂ ಹೆಚ್ಚು ಕಾಲ ಮೈಮೇಲೆಯೇ ಕಟ್ಟಿಕೊಂಡಿರುವ ಹೋಲ್ಟರ್ ಎಂಬ ಪುಟ್ಟ ಯಂತ್ರವನ್ನು ಕೊಡುತ್ತಾರೆ. ಅಮೆರಿಕದ ನಾರ್ಮನ್ ಹೋಲ್ಟರ್ ಅದನ್ನು ಮೊದಲು ಮಾಡಿದಾಗ ಅದು ಸುಮಾರು 38 ಕಿಲೋ ಭಾರದ ಬೆನ್ನಮೂಟೆಯಾಗಿತ್ತು! ಈಗ ಬೆಂಕಿಪೊಟ್ಟಣದಷ್ಟಿರುತ್ತದೆ. ಅದನ್ನು ಕಟ್ಟಿಕೊಂಡ ದಿನ ಮಲಗಿಯೇ ಇರದೆ ಎಂದಿನಂತೆ ಓಡಾಡಬೇಕು, ತೊಂದರೆ ಅನಿಸಿದ ಹೊತ್ತನ್ನು ಗಡಿಯಾರ ನೋಡಿ ಚೀಟಿಯಲ್ಲಿ ಬರೆದುಕೊಳ್ಳಬೇಕು.

ಎದೆನೋವಿನ ವಿಷಯ ಇನ್ನೂ ಗಂಭೀರ. ಹೃದಯಾಘಾತದ ಆರಂಭದಲ್ಲಿ ತೆಗೆದ ಮೊದಲ ಇ.ಸಿ.ಜಿ. ಸರಿಯಾಗಿಯೇ ಕಾಣಬಹುದು. ಆದ್ದರಿಂದಲೇ ವೈದ್ಯರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಇದನ್ನು ದುಡ್ಡು ಕೀಳುವ ಉಪಾಯವೆಂದು ತಿಳಿದು, ಒಂದು ನಾರ್ಮಲ್ ಕಾಗದ ಹಿಡಿದು ರೋಗಿಯನ್ನು ಮನೆಗೆ ಕರೆತರುವುದು ಜೀವಕ್ಕೆ ಎರವಾದೀತು. ಇನ್ನೊಂದು ಕಡೆ, ಕೈ ನಡುಗಿದರೆ, ಚಳಿಗೆ ಮೈ ಅದುರಿದರೆ, ಬಲಗೈ ತಂತಿಯನ್ನು ಎಡಗೈಗೆ ಹಾಕಿದರೆ ಗೆರೆ ಕೆಟ್ಟು ರೋಗವಿಲ್ಲದಿದ್ದರೂ ರೋಗದಂತೆ ಕಾಣುತ್ತದೆ. ಯಂತ್ರದ ಸಾಲನ್ನಲ್ಲ, ರೋಗಿಯನ್ನು ಎದುರಿಗಿಟ್ಟುಕೊಂಡು ವೈದ್ಯರು ಹೇಳಿದ್ದನ್ನು ನಂಬಬೇಕು. ಮತ್ತೊಂದು ಮಾತು: ಹಳೆಯ ಇ.ಸಿ.ಜಿ.ಯನ್ನು ಎಸೆಯಬೇಡಿ. ಇಂದಿನ ಗೆರೆಯಲ್ಲಿ ಕಂಡದ್ದು ಹೊಸತೋ ಹಳೆಯದೋ ಎಂದು ತಿಳಿಯಲು ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆ ಕಾಗದದ ಅಚ್ಚು ಬಿಸಿಲಿಗೆ, ಶಾಖಕ್ಕೆ ಅಳಿಸಿಹೋಗುತ್ತದೆ, ಒಂದು ಝೆರಾಕ್ಸ್ ಮಾಡಿಸಿಡಿ.

ಐಂಥೋವನ್‌ರ ಕಾಲದಲ್ಲಿ ಕೈಕಾಲಿನ ಮೂರೇ ದಾಖಲೆಗಳಿದ್ದವು: ಬಲಗೈ-ಎಡಗೈ, ಬಲಗೈ-ಎಡಗಾಲು, ಎಡಗೈ-ಎಡಗಾಲು. ಈ ಮೂರನ್ನು ಸೇರಿಸಿ ಹೃದಯವನ್ನು ನಡುವೆ ಇಟ್ಟು ಒಂದು ತ್ರಿಕೋನವನ್ನು ಅವರು ಕಲ್ಪಿಸಿಕೊಂಡರು. ಅದಕ್ಕೆ ಐಂಥೋವನ್ ತ್ರಿಕೋನ ಎಂದೇ ಹೆಸರು. ಎದೆಯ ಮೇಲೆ ಆರು ಕಡೆ ಹಚ್ಚುವ ಪದ್ಧತಿ ಅವರ ಕಾಲದ ನಂತರ ಬಂದದ್ದು. ನಮ್ಮ ಹೆಣ್ಣುಮಕ್ಕಳು ಹಿಂಜರಿಯುವುದು ಇಲ್ಲಿಯೇ. ಎದೆಯ ಮೇಲಿನ ಬಟ್ಟೆ ಸರಿಸಬೇಕಾಗುತ್ತದೆಂಬ ಸಂಕೋಚಕ್ಕೆ ಅಮ್ಮಿಯೋ ಖಾಲಾ ಅವರೋ ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದು ಮಲಗಿಬಿಡುತ್ತಾರೆ. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಾಗಿಯೇ ಬರಬೇಕೆಂದೂ ಇಲ್ಲ. ಉಸಿರು ಕಟ್ಟುವುದು, ದವಡೆ ಅಥವಾ ಬೆನ್ನುನೋವು, ವಿಪರೀತ ಸುಸ್ತು, ಬೆವರು ಆಗಿಯೂ ಬರಬಹುದು. ಮಹಿಳಾ ಸಿಬ್ಬಂದಿ ಬೇಕೆಂದು, ಮೇಲೆ ಹೊದಿಕೆ ಬೇಕೆಂದು ಕೇಳುವುದು ನಿಮ್ಮ ಹಕ್ಕು, ಸಂಕೋಚವಿಲ್ಲದೆ ಕೇಳಿ. ಆದರೆ ಅದು ಸಿಗುವವರೆಗೆ ಕಾಯುತ್ತ ಪರೀಕ್ಷೆಯನ್ನೇ ಮುಂದೂಡಬೇಡಿ. ಪ್ರಾಣಾಪಾಯದ ಸಮಯದಲ್ಲಿ ಶರೀಅತ್ ರಿಯಾಯಿತಿ ಕೊಟ್ಟಿದೆ ಎಂಬುದನ್ನು ಮನೆಯ ಗಂಡಸರೂ ನೆನಪಿಡಬೇಕು.

ಲೈಡನ್‌ನಲ್ಲಿ ಇನ್ನೊಂದು ತೊಡಕು ಎದುರಾಗಿತ್ತು. 270 ಕಿಲೋ ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದು, ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರಲೂ ಆಗದು. ಐಂಥೋವನ್ 1905ರ ಮಾರ್ಚಿನಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಹೃದಯದ ವಿದ್ಯುತ್ತನ್ನೇ ತರಿಸಿದರು. ರೋಗಿ ಅಲ್ಲಿ, ಗೆರೆ ಇಲ್ಲಿ! 1906ರಲ್ಲಿ ಹೀಗೆ ಸಂಗ್ರಹಿಸಿದ ದಾಖಲೆಗಳನ್ನು ಪ್ರಕಟಿಸಿದಾಗ, ಹಿಗ್ಗಿದ ಹೃದಯ, ನಡುವೆ ನುಗ್ಗುವ ಹೆಚ್ಚುವರಿ ಬಡಿತ, ಮೇಲಿನ ಸಂಕೇತ ಕೆಳಗೆ ಇಳಿಯದೆ ನಿಂತುಹೋಗುವ ಹಾರ್ಟ್ ಬ್ಲಾಕ್ ಇವೆಲ್ಲ ಮೊದಲ ಬಾರಿಗೆ ಒಟ್ಟಾಗಿ ಕಣ್ಣಿಗೆ ಕಂಡವು. ಅಂದಹಾಗೆ, ಹಾರ್ಟ್ ಬ್ಲಾಕ್ ಎಂದರೆ ವಿದ್ಯುತ್ತಿನ ದಾರಿಯ ತಡೆ. ನಮ್ಮಲ್ಲಿ ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಬ್ಲಾಕ್ ಎನ್ನುವುದರಿಂದ ಬಹಳ ಗೊಂದಲವಾಗುತ್ತದೆ. ಎರಡೂ ಬೇರೆ ಬೇರೆ, ಚಿಕಿತ್ಸೆಯೂ ಬೇರೆ. ಒಂದಕ್ಕೆ ಪೇಸ್‌ಮೇಕರ್ ಬೇಕಾಗಬಹುದು, ಇನ್ನೊಂದಕ್ಕೆ ಸ್ಟೆಂಟ್.

ಆ ಒಂದೂವರೆ ಕಿಲೋಮೀಟರ್ ತಂತಿಯ ಮೊಮ್ಮಗುವನ್ನು ಇಂದು ನಾವು ನಮ್ಮ ರಾಜ್ಯದಲ್ಲಿಯೇ ನೋಡಬಹುದು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ಹಠಾತ್ತನೆ ತೀರಿಕೊಂಡ ನಂತರ, ಅವರ ಹೆಸರಿನಲ್ಲಿಯೇ ಕರ್ನಾಟಕ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷಗಳಲ್ಲಿ ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುವುದು, ಹೃದಯಾಘಾತವೆಂದು ಕಂಡರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಉದ್ದೇಶ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಹೇಗಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಕೊಳ್ಳಿ. ನಡುರಾತ್ರಿ ಎದೆ ಹಿಡಿದುಕೊಂಡಾಗ ವಿಚಾರಿಸುವುದಕ್ಕೆ ಸಮಯವಿರುವುದಿಲ್ಲ. ಕೆಲವು ಯುವಕರು ಕಟ್ಟಿಕೊಳ್ಳುವ ಇ.ಸಿ.ಜಿ. ತೆಗೆಯುವ ಕೈಗಡಿಯಾರಗಳಲ್ಲೂ ಐಂಥೋವನ್ ಇದ್ದಾರೆ. ಎಡಗೈಗೆ ಗಡಿಯಾರ ಕಟ್ಟಿ ಬಲಗೈ ಬೆರಳನ್ನು ಅದರ ಮೇಲಿಟ್ಟರೆ ಸಿಗುವುದು ಅವರ ಮೂರು ದಾಖಲೆಗಳಲ್ಲಿ ಮೊದಲನೆಯದು. ಅದು ಲಯದ ದೋಷವನ್ನು ಸೂಚಿಸಬಹುದು, ಆದರೆ ಹೃದಯಾಘಾತವಿಲ್ಲವೆಂದು ಹೇಳಲು ಅದಕ್ಕೆ ಸಾಧ್ಯವಿಲ್ಲ.

ಯಂತ್ರವನ್ನು ಚಿಕ್ಕದು ಮಾಡಿ ಮಾರಾಟಕ್ಕೆ ತಂದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಉಪಕರಣ ಕಂಪನಿಯವರು. ಲಂಡನ್ನಿನ ಥಾಮಸ್ ಲೂಯಿಸ್ ಎಂಬ ತರುಣ ವೈದ್ಯರು ಅದನ್ನು ರೋಗಿಗಳ ಹಾಸಿಗೆಯ ಬಳಿಗೆ ತಂದು, ಲಯದ ರೋಗಗಳನ್ನು ಒಂದೊಂದಾಗಿ ಬಿಡಿಸಿದರು. ಐಂಥೋವನ್‌ರಿಗೂ ಲೂಯಿಸ್‌ರಿಗೂ ಕೊನೆಯವರೆಗೂ ಸ್ನೇಹವಿತ್ತು. ತಾನು ಯಂತ್ರ ಮಾಡಿದವನು, ಅದರ ಫಲವನ್ನು ಇನ್ನೊಬ್ಬ ಕೊಯ್ಯುತ್ತಿದ್ದಾನೆ ಎಂಬ ಕಹಿ ಅವರಲ್ಲಿರಲಿಲ್ಲ.

1924ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಬಂದಿತು. ಆಗ ಅವರು ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು. ಸುದ್ದಿಯನ್ನು ಮೊದಲಿಗೆ ನಂಬಲೇ ಇಲ್ಲವಂತೆ. ಅವರನ್ನು ಬಲ್ಲವರು ಬರೆದಿಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಹುಮಾನದ ಹಣ ಕೈಗೆ ಬಂದಾಗ, ಹಿಂದೆ ಗ್ಯಾಲ್ವನೋಮೀಟರ್ ಕಟ್ಟುವಾಗ ತಮ್ಮೊಡನೆ ದುಡಿದಿದ್ದ ಪ್ರಯೋಗಾಲಯದ ಸಹಾಯಕನನ್ನು ಅವರು ಹುಡುಕಿದರು. ಆತ ಆಗಲೇ ತೀರಿಕೊಂಡಿದ್ದ. ಅವನ ಇಬ್ಬರು ಸಹೋದರಿಯರು ಬಡತನದಲ್ಲಿದ್ದಾರೆಂದು ತಿಳಿಯಿತು. ಐಂಥೋವನ್ ಅವರನ್ನು ಪತ್ತೆಮಾಡಿ ಬಹುಮಾನದ ಅರ್ಧ ಹಣವನ್ನು ಅವರಿಗೆ ಕೊಟ್ಟರು. ಖೈರಾತ್ ಎಂದು ಕೊಟ್ಟದ್ದಲ್ಲ, ಹಕ್ದಾರರಿಗೆ ಸೇರಬೇಕಾದ ಪಾಲೆಂದೇ ಕೊಟ್ಟದ್ದು ಎಂದು ನಾನು ತಿಳಿಯುತ್ತೇನೆ. ಲ್ಯಾಬಿನಲ್ಲಿ ಗಾಜು ತೊಳೆಯುವ, ತಂತಿ ಬೆಸೆಯುವ ಅಟೆಂಡರನ ಹೆಸರು ಎಷ್ಟು ಪ್ರಬಂಧಗಳಲ್ಲಿ ಬರುತ್ತದೆ ಹೇಳಿ!

ಅವರ ನಾಲ್ಕು ಮಕ್ಕಳಲ್ಲಿ ಕಿರಿಯ ಮಗಳು ಯೋಹಾನಾ ವೈದ್ಯೆಯಾದರು. ತಂದೆಯ ಹೆಸರನ್ನೇ ಹೊತ್ತ ಮಗ ವಿಲೆಮ್ ಎಲೆಕ್ಟ್ರಿಕಲ್ ಇಂಜಿನಿಯರ್. ತಂದೆ ಮಗ ಇಬ್ಬರೂ ಸೇರಿ ತಂತು ಗ್ಯಾಲ್ವನೋಮೀಟರನ್ನು ಎಷ್ಟು ಸೂಕ್ಷ್ಮಗೊಳಿಸಿದರೆಂದರೆ, ಜಾವಾದಿಂದ ಹಾಲೆಂಡಿಗೆ ಬರುವ ರೇಡಿಯೋ ಸಂಕೇತಗಳನ್ನು ಅದರಿಂದ ಹಿಡಿಯಲು ಸಾಧ್ಯವಾಯಿತು. ತಾಯಿಯ ಜೊತೆ ಹಡಗಿನಲ್ಲಿ ಬಿಟ್ಟುಬಂದ ದ್ವೀಪದ ಸದ್ದು ಅದೇ ತೆಳು ನೂಲಿನ ಮೇಲೆ ಮೂಡಿತು. ಐಂಥೋವನ್ 1927ರ ಸೆಪ್ಟೆಂಬರ್ ಕೊನೆಯಲ್ಲಿ, ದೀರ್ಘಕಾಲದ ಕಾಯಿಲೆಯ ನಂತರ, 67ನೆಯ ವಯಸ್ಸಿನಲ್ಲಿ ಲೈಡನ್‌ನಲ್ಲಿ ನಿಧನರಾದರು. ಪಕ್ಕದ ಊಗ್ಸ್‌ಗೇಸ್ಟ್ ಗ್ರಾಮದ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಮಗ ವಿಲೆಮ್ ಮುಂದೆ ಜಾವಾಕ್ಕೆ ಹೋಗಿ ಬಾಂಡುಂಗ್ ನಗರದ ರೇಡಿಯೋ ಪ್ರಯೋಗಾಲಯದ ನಿರ್ದೇಶಕರಾದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಗಿ, 1945ರಲ್ಲಿ ಸೆರೆಯಲ್ಲಿಯೇ ತೀರಿಕೊಂಡರು.